ನೀರು ಬಿಡದ ಹೊಲಿಗೆ

ಹೊರಡುವ ಮುಂಚೆ ಜೋವಾನಸಿ ತನ್ನ ಹೊಸ ಎಂಜಿನ್ ಹಿಮಗಾಡಿಯ ಹಿಂಬದಿಗೆ ಹಳದಿ ಹಗ್ಗದ ಸುರುಳಿಯೊಂದನ್ನು ಎಲ್ಲರ ಕಣ್ಣಿಗೂ ಬೀಳುವ ಹಾಗೆ ನೇತುಹಾಕಿದ. ಆಮೇಲೆ ಬಂಡಿಯ ಮುಂದಾಳು ನಾಯಿಯ ಬೆನ್ನು ಸವರುವಂತೆ ಅದನ್ನು ಮೆಲ್ಲಗೆ ಸವರಿದ.

"ಇದು ನಿಂಗೇ ಕಣೋ ತಾತ. ನೆನಪಿಟ್ಕೋ," ಎಂದ.

ತಾತ ಎನ್ನಿಸಿಕೊಂಡವಳು ಅವನ ಅಕ್ಕನ ಮಗಳು ಕನಾಯುಕ್. ಹಿಂದಿನ ವರ್ಷವಷ್ಟೇ ಓದು ಮುಗಿಸಿ ಊರಿಗೆ ಮರಳಿದ್ದ, ನಾಲ್ಕು ಜನ ಸೇರಿದ ಕಡೆ ನೆಲ ನೋಡುತ್ತ ನಿಲ್ಲುವ ಹುಡುಗಿ. ಅವಳು ಹುಟ್ಟುವುದಕ್ಕೆ ಸ್ವಲ್ಪ ಮೊದಲು ಅಜ್ಜಿ ಒಲೀಪಿಕಾಳ ತಂದೆ ಕನಾಯುಕ್ ತೀರಿಕೊಂಡಿದ್ದ. ಅವನ ಹೆಸರು ಕೂಸಿಗೆ ಬಂತು. ಹಿಮನಾಡಿನ ಆ ಜನರಲ್ಲಿ ಹೆಸರು ಒಂಟಿಯಾಗಿ ಬರುವುದಿಲ್ಲ, ನಂಟನ್ನೆಲ್ಲ ಕಟ್ಟಿಕೊಂಡೇ ಬರುತ್ತದೆ. ಹಾಗಾಗಿ ಅಜ್ಜಿಗೆ ಮೊಮ್ಮಗಳು ಅಪ್ಪನಾದಳು, ಸೋದರಮಾವನಿಗೆ ತಾತನಾದಳು. ತೊಟ್ಟಿಲಲ್ಲಿದ್ದಾಗಲೇ ಒಲೀಪಿಕಾ, "ನಮ್ಮಪ್ಪನಿಗೆ ಹೊಟ್ಟೆ ಹಸಿದಿದೆ, ಅಳ್ತಿದ್ದಾನೆ, ಯಾರಾದರೂ ನೋಡ್ರೇ," ಎಂದು ಕೂಗುತ್ತಿದ್ದಳು. ಕನಾಯುಕ್ ಮನೆಯೊಳಗೆ, ಬೇರೆ ಯಾರೂ ಇಲ್ಲದಾಗ, ಅಜ್ಜಿಯನ್ನು "ಮಗಳೇ" ಎನ್ನುತ್ತಿದ್ದಳು. ಆದರೆ ಜೋವಾನಸಿಯನ್ನು ಮಾತ್ರ ಒಂದು ದಿನವೂ "ಮೊಮ್ಮಗನೇ" ಎಂದವಳಲ್ಲ. ಹಾಗೆ ಕರೆಯುವ ಹಕ್ಕು ಅವಳಿಗಿತ್ತು, ಧೈರ್ಯವಿರಲಿಲ್ಲ. ಮಾವ ಎಂದು ತಗ್ಗಿದ ದನಿಯಲ್ಲಿ ಕರೆದು ಸುಮ್ಮನಾಗುತ್ತಿದ್ದಳು.

"ಹಗ್ಗ ಯಾಕೋ? ನಮ್ಮಪ್ಪನ ಗಾಡಿಗೆ ಹಗ್ಗ ಬೇಕಾಗಿಲ್ಲ," ಎಂದು ಒಲೀಪಿಕಾ, ಕನಾಯುಕ್‌ಳ ಗಾಡಿಯ ಹಿಂದೆ ಕಟ್ಟಿದ್ದ ಜಾರುಬಂಡಿಯ ಮೇಲಿನ ಪೆಟ್ಟಿಗೆಯೊಳಗಿಂದ ಗದರಿದಳು. ಕ್ಯಾರಿಬೂ ಹಿಮಜಿಂಕೆಯ ತೊಗಲುಗಳ ನಡುವೆ ಅವಳ ಮುಖವೊಂದೇ ಕಾಣುತ್ತಿತ್ತು.

"ಅಮ್ಮ, ಆ ಗಾಡಿ ನಾನೇ ತಿಪ್ಪೆಗೆ ಎಸೆದಿದ್ದು. ಅದು ಸತ್ತು ಹೋಗಿತ್ತು. ನಿಮ್ಮಪ್ಪ ಹೆಣ ಎಬ್ಬಿಸಿದ್ದಾನೆ ಅಷ್ಟೇ. ಎಬ್ಬಿಸಿದ ಹೆಣ ಎಷ್ಟು ದೂರ ನಡೆದೀತು?" ಜೋವಾನಸಿ ಕನಾಯುಕ್ ಕಡೆ ತಿರುಗಿದ. ನಗುತ್ತಿದ್ದರೂ ಅವನ ಕಣ್ಣು ನಗುತ್ತಿರಲಿಲ್ಲ. "ಮಾತು ಅಂದ್ರೆ ಮಾತು. ನಿನ್ನಷ್ಟಕ್ಕೆ ನೀನು ಕೆರೆ ಮುಟ್ಟಿದರೆ ಗಾಡಿ ನಿಂದು, ಅಮ್ಮನೂ ನಿನ್ನ ಬಂಡೀಲೇ ಬರಲಿ, ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು. ಈ ಹಗ್ಗ ಕಟ್ಟಿ ನಿನ್ನ ಎಳೀಬೇಕಾಗಿ ಬಂತೋ, ಗಾಡಿ ಬಿಚ್ಚಿ ಬಿಡಿಭಾಗ ನಾನು ತಗೋತೀನಿ. ಆಮೇಲೆ ನೀವಿಬ್ರೂ ನನ್ನ ಬಂಡೀಲಿ, ಮೀನಿನ ಮೂಟೆ ಪಕ್ಕ. ಸೂರ್ಯ ಮೂಗುಗುಡ್ಡದ ಮೇಲೆ ಬರೋಷ್ಟ್ರಲ್ಲಿ ಕಾಣಲಿಲ್ಲ ಅಂದ್ರೆ ಹುಡುಕ್ಕೊಂಡು ಬರ್ತೀನಿ."

ಕನಾಯುಕ್ ತಲೆಯಾಡಿಸಿದಳು. ಜೋವಾನಸಿ ಹೊರಟ. ಅವನ ಹಿಂದೆ ಉಳಿದ ಗಾಡಿಗಳೂ ಹಿಮದ ಧೂಳೆಬ್ಬಿಸಿ ಕಣಿವೆಯ ತಿರುವಿನಲ್ಲಿ ಮರೆಯಾದವು. ಎಲ್ಲರೂ ಕಣಿವೆಯಾಚೆಯ ಕೆರೆಗೆ ಹೊರಟವರು. ವಸಂತದ ಮೀನು ಹಿಡಿಯುವ ಪಂದ್ಯಕ್ಕೆ ಊರಿಗೆ ಊರೇ ಅಲ್ಲಿ ಡೇರೆ ಹಾಕುತ್ತದೆ. ಅರ್ಧ ದಾರಿಯ ಮರದ ಗುಡಿಸಲಲ್ಲಿ ರಾತ್ರಿ ಒಟ್ಟಿಗೇ ಮಲಗಿದ್ದರೂ ಬೆಳಗ್ಗೆ ಇವರಿಬ್ಬರೇ ಹಿಂದುಳಿದರು. ಒಲೀಪಿಕಾಳ ಸೊಂಟಕ್ಕೆ ವೇಗದ ಏಟು ತಡೆಯದು, ಅವಳ ಬಂಡಿ ಮೆಲ್ಲಗೇ ಹೋಗಬೇಕು.

ಹಾಸಿಗೆ ತರಲು ಕನಾಯುಕ್ ಕೊನೆಯ ಬಾರಿ ಗುಡಿಸಲೊಳಗೆ ಹೋದಳು. ಹೊರಗೆ ಗಾಡಿಯ ಮೂತಿಯ ಮುಚ್ಚಳ ತೆರೆದು ಮುಚ್ಚಿದ ಸದ್ದಾಯಿತು. ಅವಳು ಬರುವ ಹೊತ್ತಿಗೆ ಅಜ್ಜಿ ಖಾಲಿ ಕೆಟಲನ್ನು ಹಿಮದಿಂದ ಉಜ್ಜಿ ಪೆಟ್ಟಿಗೆಯೊಳಗಿಡುತ್ತಿದ್ದಳು. ಕನಾಯುಕ್ ಹೆಚ್ಚು ಯೋಚಿಸಲಿಲ್ಲ. ಸ್ಟಾರ್ಟರ್ ಹಗ್ಗ ಎಳೆದಳು. ಎಷ್ಟೇ ಚಳಿಯಿದ್ದರೂ ಎದ್ದು ಕೂರುವ ಎಂಜಿನ್ ಅಂದು ಇನ್ನೂ ಬೇಗ ಎದ್ದು ಕೂತಿತು. ಒಲೀಪಿಕಾ ಬಹಳ ತೃಪ್ತಿಯಿಂದ ತೊಗಲು ಹೊದ್ದುಕೊಂಡಳು.

ಆ ಗಾಡಿಯನ್ನು ಕನಾಯುಕ್ ತಿಪ್ಪೆಯಿಂದ ಮನೆಗೆ ತಂದದ್ದು ಮಕ್ಕಳು ಆಡುವ ಸಣ್ಣ ಬಂಡಿಯ ಮೇಲೆ, ತುಂಡು ತುಂಡಾಗಿ, ಯಾರೂ ಹೊರಗೆ ತಿರುಗಾಡದ ಬಿರುಗಾಳಿಯ ದಿನಗಳಲ್ಲಿ. ಚಳಿಗಾಲವಿಡೀ ಹಿತ್ತಲ ಶೆಡ್ಡಿನಲ್ಲಿ ಅದರ ಜೊತೆ ಕೂತಳು. ಊರಿನ ಹೆಂಗಸರು ಇದನ್ನು ಕಂಡು ಹಿಂದಿನಿಂದ ಆಡಿಕೊಂಡರು. ಅವಳು ಹಿಂದೊಮ್ಮೆ ಹೊಲಿದ ಕಮಿಕ್ ಜೋಡಿಯನ್ನು ಯಾರೂ ಮರೆತಿರಲಿಲ್ಲ. ಕಮಿಕ್ ಎಂದರೆ ಕಾಲಿಗೆ ತೊಡುವ, ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಬೂಟು. ಅದರ ಹೊಲಿಗೆ ಒಂದು ಹನಿ ನೀರನ್ನೂ ಒಳಗೆ ಬಿಡಬಾರದು. ಅವಳದು ಕರಗಿದ ಹಿಮದಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತುಂಬಿಕೊಂಡಿತ್ತು. "ಕಮಿಕ್ ಅಲ್ಲ ಕಣ್ರೇ, ಬಲೆ. ಹಾಕ್ಕೊಂಡು ನೀರಿಗಿಳಿದ್ರೆ ಮೀನು ಬೀಳುತ್ತೆ," ಎಂದಿದ್ದಳು ಆಲಾಸಿ ಮುದುಕಿ. ಆ ದಿನದಿಂದ ಕನಾಯುಕ್ ಸೂಜಿ ಮುಟ್ಟಿರಲಿಲ್ಲ.

ಗಾಡಿ ಕಣಿವೆಯ ಏರು ಹತ್ತತೊಡಗಿತು. ಹಿಂದಿನಿಂದ ಅಜ್ಜಿಯ ಹಾಡು ತುಂಡು ತುಂಡಾಗಿ ಕೇಳುತ್ತಿತ್ತು. ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಕನಾಯುಕ್ ವೇಗ ತಗ್ಗಿಸಲು ಹಿಡಿಕೆಯ ಗುಂಡಿಯ ಮೇಲಿನ ಹೆಬ್ಬೆರಳು ಸಡಿಲಿಸಿದಳು. ಎಂಜಿನ್ ತಗ್ಗಲಿಲ್ಲ. ಬದಲಿಗೆ ಯಾರೋ ಬಾಲ ತುಳಿದಂತೆ ಕಿರುಚಿ ತಾನಾಗಿ ಮೇಲೇರಿತು, ಆಮೇಲೆ ಕೆಮ್ಮಿತು, ಎರಡು ಸಲ ಬಿಕ್ಕಿ ನಿಂತಿತು.

ಸದ್ದು ನಿಂತಾಗ ಕಣಿವೆ ಎಷ್ಟು ದೊಡ್ಡದೆಂದು ಗೊತ್ತಾಯಿತು.

"ಏನಂತೆ ಅಪ್ಪಾ ಅದಕ್ಕೆ?" ಅಜ್ಜಿ ಕೇಳಿದಳು.

"ಗಾಳಿ ಎಳೀತಿದೆ."

"ಬೆಟ್ಟದ ಮೇಲೆ ಗಾಳಿ ಇಲ್ದೆ ಇನ್ನೇನಿರುತ್ತೆ?"

ಕನಾಯುಕ್‌ಗೆ ನಗು ಬಂತು. ಮುಚ್ಚಳ ಎತ್ತಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಳು. ಸರಿಯಾಗಿ ಉರಿದ ಪ್ಲಗ್ ಚಹದ ಬಣ್ಣಕ್ಕಿರಬೇಕು, ಇದು ಸುಣ್ಣ ಬಳಿದಂತೆ ಬಿಳಚಿಕೊಂಡಿತ್ತು. ಎಂಜಿನ್ನಿಗೆ ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾಗಿದೆ. ಹೀಗೇ ಓಡಿಸಿದರೆ ಪಿಸ್ಟನ್ ಕರಗಿ ಹೋಗುತ್ತದೆ, ಆಗ ಗಾಡಿ ನಿಜವಾಗಿಯೂ ಹೆಣ. ಗಾಳಿ ನುಗ್ಗುವ ಬಾಯಿ ಎಲ್ಲಿ? ಕೈಗವಸು ತೆಗೆದು ಬರಿಬೆರಳನ್ನು ಒಂದೊಂದು ಸೇರಿಕೆಯ ಮೇಲೂ ಆಡಿಸುತ್ತ ಹೋದಳು. ಕಾರ್ಬೊರೇಟರನ್ನು ಎಂಜಿನ್ನಿಗೆ ಜೋಡಿಸುವ ಗಿಡ್ಡ ರಬ್ಬರ್ ಕೊಳವೆಯ ಕೆಳಬದಿಯಲ್ಲಿ ಬೆರಳಿಗೆ ಸೀಳು ಸಿಕ್ಕಿತು. ಉಗುರು ಒಳಗೆ ಹೋಗುವಷ್ಟು ಅಗಲ.

ಸೀಳಿನ ಸುತ್ತ ಕಂದುಬಣ್ಣದ ಏನೋ ಹೆಪ್ಪುಗಟ್ಟಿತ್ತು. ಅವಳು ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಸಿಹಿ.

ಚಹ.

ಅವಳು ತಲೆಯೆತ್ತಿದಳು. ಪೆಟ್ಟಿಗೆಯೊಳಗೆ ಒಲೀಪಿಕಾ ದೂರದ ಬೆಟ್ಟವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಮಗಳೇ," ಎಂದಳು ಕನಾಯುಕ್.

"ಬೆಳಗ್ಗೆ ಮೊದಲ ಚಹ ಅಪ್ಪನಿಗೆ ಕೊಡೋದು. ಅಪ್ಪನಿಗಾಯ್ತು, ಅಪ್ಪನ ಗಾಡಿಗೂ ಆಗಲಿ ಅಂದ್ಕೊಂಡೆ. ಮೈಯೆಲ್ಲ ಮರಗಟ್ಟಿತ್ತು ಪಾಪ. ಹಿಂದೆ ಬಂಡಿ ಜಾರೋ ಪಟ್ಟಿಗೆ ಬಿಸಿನೀರು ಸವರಿದ್ರೆ ಐಸು ಕಟ್ಟಿ ಹೇಗೆ ಓಡೋದು ಗೊತ್ತಾ!" ಒಲೀಪಿಕಾಳ ದನಿ ಕೊನೆಕೊನೆಗೆ ಇಳಿಯಿತು. "ಅದು ಚಹ ಕುಡಿಯಲ್ವಾ?"

ಮಂಜಿನಲ್ಲಿ ಗಾಜಿನಂತೆ ಗಡುಸಾಗಿದ್ದ ಹಳೆಯ ರಬ್ಬರಿನ ಮೇಲೆ ಕುದಿಯುವ ಚಹ ಬಿದ್ದು ಅದು ಬಿರಿದಿತ್ತು. ಏರಿನ ಒದ್ದಾಟಕ್ಕೆ ಬಿರುಕು ಸೀಳಾಗಿತ್ತು. ಕನಾಯುಕ್‌ಗೆ ಸಿಟ್ಟು ಬರಬೇಕಿತ್ತು. ಆದರೆ ಆ ಮುಖ ನೋಡಿದರೆ, ಅಪ್ಪನ ಎದುರು ತಪ್ಪಿತಸ್ಥಳಾಗಿ ಕೂತ ಪುಟ್ಟ ಹುಡುಗಿಯದೇ ಮುಖ.

"ಸಕ್ಕರೆ ಜಾಸ್ತಿ ಆಯ್ತು ಅದಕ್ಕೆ," ಎಂದಳು ಕನಾಯುಕ್.

ಅವಳ ಸಲಕರಣೆ ಪೆಟ್ಟಿಗೆಯಲ್ಲಿ ಬೇರೆ ಪ್ಲಗ್ಗುಗಳಿದ್ದವು, ಬೇರೆ ಬೆಲ್ಟಿತ್ತು, ಆದರೆ ಈ ಕೊಳವೆ ಇರಲಿಲ್ಲ. ಊರಿನ ಅಂಗಡಿಯಲ್ಲೂ ಇಲ್ಲ. ಬೇಸಿಗೆಯಲ್ಲಿ ಐಸು ಒಡೆದ ಮೇಲೆ ಹಡಗಿನಲ್ಲಿ ಬಂದರೆ ಬಂತು. ಅಂಟುಪಟ್ಟಿ ಸುತ್ತಿ ನೋಡಿದಳು. ಎಂಜಿನ್ ಎದ್ದಿತು, ಬಂಡಿ ಒಂದು ದಿಬ್ಬ ಹತ್ತಿತು. ಅಷ್ಟರಲ್ಲಿ ಪೆಟ್ರೋಲಿಗೆ ಒದ್ದೆಯಾದ ಪಟ್ಟಿ ಸುಲಿದು ಮತ್ತದೇ ಕಿರುಚಾಟ. ಪಿಸ್ಟನ್ ನೆನೆದು ಅವಳೇ ಬೇಗನೆ ಎಂಜಿನ್ ಆರಿಸಿದಳು.

ಸುಮ್ಮನಿದ್ದ ಕೈರೇಡಿಯೋ ಅದೇ ಹೊತ್ತಿಗೆ ಕರಕರ ಎಂದಿತು. ಕೆರೆಯಲ್ಲಿದ್ದವರೆಲ್ಲ ಒಂದೇ ಚಾನೆಲ್ಲಿನಲ್ಲಿ ಮಾತಾಡುವುದು, ಒಬ್ಬರಿಗೆ ಹೇಳಿದ್ದು ಊರಿಗೇ ಕೇಳುತ್ತದೆ. ಅದಕ್ಕೇ ಕನಾಯುಕ್ ಯಾವತ್ತೂ ಅದನ್ನು ಬಾಯಿಯ ಹತ್ತಿರ ಹಿಡಿದವಳಲ್ಲ.

"ತಾತಾ, ಎಲ್ಲಿದ್ದೀಯ? ಗಾಡಿ ನಡೀತಿದೆಯೋ, ನೀನೇ ನಡೀತಿದ್ದೀಯೋ?" ಜೋವಾನಸಿಯ ದನಿ. ಹಿಂದೆ ಯಾರೋ ನಕ್ಕರು.

ಒಲೀಪಿಕಾ ರೇಡಿಯೋ ಕಿತ್ತುಕೊಂಡಳು. "ಚಹ ಕುಡೀತಾ ಕೂತಿದ್ದೀವಿ ಕಣೋ!"

"ಇನ್ನೂ ಚಹಾನಾ? ಬೆಳಗ್ಗೆ ಒಂದು ಕೆಟಲ್ ಕುಡಿದ್ರಲ್ಲ!"

"ಅದು ಬೇರೆಯವರಿಗೆ," ಎಂದು ಒಲೀಪಿಕಾ ಗುಂಡಿ ಬಿಟ್ಟಳು. ಆಮೇಲೆ ಕನಾಯುಕ್ ಕಡೆ ತಿರುಗಿ, ನಗದೆ, ಸಣ್ಣ ದನಿಯಲ್ಲಿ ಹೇಳಿದಳು: "ನಮ್ಮಪ್ಪನ್ನ ಯಾರೂ ಎಳ್ಕೊಂಡು ಬಂದಿಲ್ಲ. ನಾಯಿ ಎಲ್ಲಾ ಸತ್ತ ಚಳಿಗಾಲದಲ್ಲೂ ತಾನೇ ಬಂಡಿ ಎಳೆದ, ನಾನು ಅದರ ಮೇಲೆ ಕೂತಿದ್ದೆ. ಎಳೆಸಿಕೊಂಡು ಕೆರೆಗೆ ಹೋಗೋ ಹಾಗಿದ್ರೆ ನನ್ನ ಇಲ್ಲೇ ಬಿಟ್ಟುಬಿಡು."

ಕನಾಯುಕ್ ಗಾಡಿಯ ಪಕ್ಕ ಮಂಡಿಯೂರಿದಳು. ಕೊಳವೆ ಬಿಚ್ಚಿ ತೆಗೆದು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು. ಅಂಟಿಸಿದರೆ ನಿಲ್ಲದು. ಹಾಗಾದರೆ ಇದಕ್ಕೆ ಬೇಕಾದ್ದೇನು? ಮೈಗೆ ಬಿಗಿಯಾಗಿ ಕೂರುವ, ಚಳಿಗೆ ಬಿರಿಯದ, ಸಂದಿನಲ್ಲಿ ಉಸಿರು ಬಿಡದ ಒಂದು ತೋಳು. ನೀರು ಬಿಡದ್ದು ಗಾಳಿಯನ್ನು ಬಿಟ್ಟೀತೆ? ಅವಳ ಕಣ್ಣು ತಾನಾಗಿ ಅಜ್ಜಿಯ ಕಾಲಿನ ಕಮಿಕ್ ಕಡೆ ಹೋಯಿತು.

"ಮಗಳೇ, ಕೂದಲು ತೆಗೆದ ಸೀಲ್ ಚರ್ಮ ಇದ್ಯಾ? ತೆಳು ಇರಬೇಕು."

ಒಲೀಪಿಕಾ ಅವಳನ್ನೂ ಅವಳ ಕೈಯಲ್ಲಿದ್ದ ಕೊಳವೆಯನ್ನೂ ನೋಡಿದಳು. ಮುದುಕಿಗೆ ಎಂಜಿನ್ ಗೊತ್ತಿರಲಿಲ್ಲ, ಆದರೆ ತೂತು ಗೊತ್ತಿತ್ತು. ಕಾಲ ಬಳಿಯಿದ್ದ ಬಟ್ಟೆಗಂಟು ಬಿಚ್ಚಿ ಒಂದು ಜೊತೆ ಹೊಸ ಕಮಿಕ್ ಹೊರತೆಗೆದಳು. ಚಳಿಗಾಲವಿಡೀ ನೋಯುವ ಕೈಯಲ್ಲಿ ಜೋವಾನಸಿಗೆಂದು ಹೊಲಿದದ್ದು, ಪಂದ್ಯದ ದಿನ ಕೊಡಬೇಕೆಂದಿದ್ದದ್ದು. ಕನಾಯುಕ್ ಬೇಡವೆನ್ನುವ ಮುಂಚೆಯೇ ಅರ್ಧಚಂದ್ರದ ಉಲು ಚಾಕುವಿನಿಂದ ಬಲಗಾಲಿನ ಕಮಿಕ್‌ನ ಮೇಲ್ಭಾಗವನ್ನು ಸುತ್ತಲೂ ಕೊಯ್ದು ತೆಗೆದಳು.

"ಮಾವ ಏನಂತಾನೆ?"

"ಅವನ ಕಾಲು ಹೇಗಿದ್ರೂ ಗಿಡ್ಡ. ತಗೋ, ಹೊಲಿ."

"ನಾನಾ?"

"ಮತ್ತೆ? ನನ್ನ ಹೆಬ್ಬೆರಳು ನೋಡು, ಬ್ಯಾನಕ್ ರೊಟ್ಟಿ ಥರ ಉಬ್ಬಿದೆ. ಈ ಚಳೀಲಿ ಸೂಜಿ ನೂಕೋಕಾಗಲ್ಲ."

"ನಂಗೆ ಬರಲ್ಲ. ನಿಂಗೊತ್ತಲ್ಲ. ಬಲೆ ಅಂದ್ರಲ್ಲ ಎಲ್ಲಾ."

"ಆಲಾಸಿ ಇಲ್ಲಿದ್ದಾಳಾ? ಇಲ್ಲ. ನಾನೊಬ್ಳೇ ಇರೋದು. ಅಪ್ಪ ಮಗಳ ಮುಂದೆ ನಾಚಿಕೋಬಾರ್ದು. ಮೊದಲು ಚರ್ಮ ಅಗಿ. ಹಲ್ಲು ಇರೋದು ನಿಂಗೇ."

ಬಂಡಿಯ ಪೆಟ್ಟಿಗೆಯೊಳಗೆ ಇಬ್ಬರೂ ಎದುರುಬದುರು ಕೂತು, ತಲೆಯ ಮೇಲೆ ಕ್ಯಾರಿಬೂ ತೊಗಲು ಎಳೆದುಕೊಂಡರು. ಕೊಳವೆಯ ಪೆಟ್ರೋಲನ್ನು ಒರೆಸಿ ಗಾಳಿಯಲ್ಲಿ ಒಣಗಿಸಿದ ಮೇಲೆಯೇ ಅಜ್ಜಿ ಕಾವಿಗೆಂದು ಸಣ್ಣ ಒಲೆ ಹಚ್ಚಲು ಬಿಟ್ಟದ್ದು. ಕನಾಯುಕ್ ಚರ್ಮ ಅಗಿದಳು. ಹೊಗೆ, ಉಪ್ಪು, ಸಮುದ್ರ ಎಲ್ಲ ಬಾಯಿಗೆ ಬಂದವು. ಮೆತ್ತಗಾದ ಚರ್ಮವನ್ನು ಕೊಳವೆಗೆ ಸುತ್ತಿ ಅಳತೆ ನೋಡಿದಳು. ಅಜ್ಜಿ ಕ್ಯಾರಿಬೂವಿನ ಬೆನ್ನಿನ ನರದಿಂದ ಸೀಳಿದ ದಾರವನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿಕೊಟ್ಟಳು.

ಆ ಹೊಲಿಗೆಯ ಗುಟ್ಟೆಲ್ಲ ಇರುವುದು ಸೂಜಿ ಪೂರ್ತಿ ದಾಟದಿರುವುದರಲ್ಲಿ. ಚರ್ಮದ ದಪ್ಪದ ಅರ್ಧಕ್ಕೆ ಹೋಗಿ, ಒಳಗೊಳಗೇ ತಿರುಗಿ, ಬಂದ ಕಡೆಯಿಂದಲೇ ಹೊರಬರಬೇಕು. ಆಚೆ ಬದಿಯಲ್ಲಿ ತೂತು ಕಾಣಬಾರದು. ಹೀಗೆ ಹೊರಗಿನಿಂದ ಒಂದು ಸಾಲು, ಅಂಚು ಮಡಿಚಿ ಇನ್ನೊಂದು ಸಾಲು. ಒದ್ದೆಯಾದ ನರ ಉಬ್ಬಿ ಉಳಿದ ಸಂದನ್ನು ತಾನೇ ತುಂಬುತ್ತದೆ. ಕನಾಯುಕ್‌ಗೆ ಮಾತಿನಲ್ಲಿ ಇದೆಲ್ಲ ಬಾಲ್ಯದಿಂದ ಗೊತ್ತು, ಕೈಗೆ ಗೊತ್ತಿರಲಿಲ್ಲ ಅಷ್ಟೆ.

"ಅವಸರ ಬೇಡ. ದಾಟಿಸಿಬಿಟ್ಟೆ ನೋಡು ಅಲ್ಲಿ."

"ಎಲ್ಲಿ?"

"ಅಲ್ಲೇ. ನಿನ್ನ ಕಣ್ಣು ಬಿಡು, ಬೆರಳಲ್ಲಿ ನೋಡು. ಆಗ ಗಾಡೀನ ಹೇಗೆ ಸವರಿ ಸವರಿ ತೂತು ಹುಡುಕಿದೆ? ಹಾಗೇ."

ಸಾಲು ಮುಗಿಯಿತು. ಒಲೀಪಿಕಾ ಕೊಳವೆಯ ಒಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದನ್ನು ತುಟಿಗಿಟ್ಟು, ಕಮಿಕ್ ಪರೀಕ್ಷಿಸುವ ರೀತಿಯಲ್ಲೇ ಕೆನ್ನೆಯುಬ್ಬಿಸಿ ಊದಿದಳು. ಕನಾಯುಕ್ ಒದ್ದೆ ತುಟಿಯನ್ನು ಹೊಲಿಗೆಯ ಹತ್ತಿರ ತಂದಳು. ಒಂದೆಡೆ ಸೂಜಿಮೊನೆಯಷ್ಟು ತಣ್ಣನೆಯ ಗಾಳಿ ಸುಯ್ಯೆಂದು ತುಟಿಗೆ ತಾಗಿತು.

"ಥೂ! ಏನ್ ಕುಡಿಯುತ್ತಪ್ಪ ನಿನ್ನ ಗಾಡಿ! ಇದಕ್ಕಿಂತ ನನ್ನ ಚಹ ಮೇಲಲ್ವಾ?" ಎಂದು ಮುದುಕಿ ಹಿಮ ತಿಂದು ಬಾಯಿ ತೊಳೆದುಕೊಂಡಳು. "ಬಿಚ್ಚು. ಮತ್ತೆ ಹೊಲಿ."

ಕನಾಯುಕ್ ಬಿಚ್ಚಿದಳು. ಅವಳ ಬೆರಳ ತುದಿಗಳು ಬಿಳಿಚಿ ಸತ್ತಿದ್ದವು. ಅಜ್ಜಿ ಅವನ್ನು ಹಿಡಿದು ತನ್ನ ಅಂಗಿಯೊಳಗೆ ಕಂಕುಳಲ್ಲಿಟ್ಟುಕೊಂಡಳು. ರಕ್ತ ಮರಳಿ ಉರಿ ಶುರುವಾದ ಮೇಲೆ ಸೂಜಿ ಕೊಟ್ಟಳು. ಈ ಸಲ ಕನಾಯುಕ್ ಕಣ್ಣು ಮುಚ್ಚಿಕೊಂಡೇ ಹೊಲಿದಳು. ಸೂಜಿಯ ಮೊನೆ ಚರ್ಮದೊಳಗೆ ಎಲ್ಲಿದೆಯೆಂದು, ತಿರುಪು ಬಿಗಿಯುವಾಗ ಸ್ಪ್ಯಾನರ್ ತುದಿಯಲ್ಲಿ ಗೊತ್ತಾಗುತ್ತದಲ್ಲ, ಹಾಗೆ ಗೊತ್ತಾಗತೊಡಗಿತು. ಇನ್ನು ಒಂದೆಳೆ ಮುಂದೆ ಹೋದರೆ ದಾಟುತ್ತದೆ ಎನ್ನುವಲ್ಲಿ ನಿಲ್ಲುವುದು. ನಿಂತು ತಿರುಗುವುದು. ಹೊರಗೆ ಗಾಳಿ ತೊಗಲನ್ನು ಪಟಪಟ ಬಡಿಯುತ್ತಿತ್ತು. ರೇಡಿಯೋ ಮತ್ತೆ ಕರಕರ ಎಂದಾಗ ಇಬ್ಬರೂ ಅದರ ಕಡೆ ನೋಡಲಿಲ್ಲ.

ಈ ಸಲ ಒಲೀಪಿಕಾ ಊದಿದಳು, ಕೆಂಪಗಾದಳು, ಇನ್ನೂ ಊದಿದಳು. ಕನಾಯುಕ್ ತುಟಿಯನ್ನು ಹೊಲಿಗೆಯುದ್ದಕ್ಕೂ ಒಯ್ದಳು. ಏನೂ ಇಲ್ಲ. ಇನ್ನೊಮ್ಮೆ ಒಯ್ದಳು. ಏನೂ ಇಲ್ಲ.

ಮುದುಕಿ ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೊಗಳಲಿಲ್ಲ. ಆ ಜನ ಹಾಗೆಲ್ಲ ಹೊಗಳುವುದಿಲ್ಲ. "ಹಾಕು," ಎಂದಳು, ಅಷ್ಟೆ. ಆದರೆ ಕೊಡುವಾಗ ಕೊಳವೆಯನ್ನು ಎರಡೂ ಕೈಯಲ್ಲಿ ಕೊಟ್ಟಳು.

ಕನಾಯುಕ್ ಅದನ್ನು ಕೂರಿಸಿ, ಎರಡು ತುದಿಗೂ ಕಬ್ಬಿಣದ ಬಳೆ ಬಿಗಿದು, ಮೇಲೊಂದು ಸುತ್ತು ನರದ ದಾರ ಕಟ್ಟಿದಳು. ಸ್ಟಾರ್ಟರ್ ಹಗ್ಗ ಎಳೆದಳು. ಒಮ್ಮೆ ಇಲ್ಲ. ಇನ್ನೊಮ್ಮೆ ಎಂಜಿನ್ ಎದ್ದಿತು. ಅವಳು ಹೆಬ್ಬೆರಳು ಒತ್ತಿ, ಉಸಿರು ಹಿಡಿದು, ಬಿಟ್ಟಳು. ಎಂಜಿನ್ ತಗ್ಗಿತು. ಹೇಳಿದ ಮಾತು ಕೇಳುವ ನಾಯಿಯಂತೆ ತಗ್ಗಿ, ಡುಗುಡುಗು ಎನ್ನುತ್ತ ಕಾದು ನಿಂತಿತು. ಕಾವು ಏರಿದಂತೆ ಒದ್ದೆ ಚರ್ಮ ಒಣಗುತ್ತ ರಬ್ಬರನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುವುದನ್ನು ಅವಳು ಕಣ್ಣಾರೆ ಕಂಡಳು.

ಕಣಿವೆಯ ನೆತ್ತಿ ಹತ್ತುವವರೆಗೂ ಅವಳು ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ, ಆ ಸದ್ದೊಂದೇ. ಏರು ಬಂದಾಗ ಅದು ದಪ್ಪವಾಯಿತು, ಇಕ್ಕಟ್ಟಿನಲ್ಲಿ ತೆಳ್ಳಗಾಯಿತು, ಎಲ್ಲೂ ಕಿರುಚಲಿಲ್ಲ. ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದಳು. ಚಹದ ಬಣ್ಣ. ಕೆಳಗೆ ಕೆರೆ ಬಿಳಿಯ ತಟ್ಟೆಯಂತೆ ಹಾಸಿತ್ತು. ಡೇರೆಗಳು ಅದರ ಅಂಚಿನಲ್ಲಿ ಚೆಲ್ಲಿದ ಕಾಳುಗಳಂತೆ ಕಂಡವು. ಸೂರ್ಯ ಮೂಗುಗುಡ್ಡದ ಹತ್ತಿರ ಬಂದಿದ್ದ, ಇನ್ನೂ ಮುಟ್ಟಿರಲಿಲ್ಲ.

ಇಲ್ಲಿ ರೇಡಿಯೋ ಸ್ಪಷ್ಟವಾಗಿತ್ತು.

"ಅಮ್ಮ? ತಾತ? ಯಾರೂ ಮಾತಾಡ್ತಿಲ್ಲವಲ್ಲ. ಸರಿ, ನಾನು ಹೊರಟೆ. ಹಗ್ಗ ತಗೊಂಡಿದ್ದೀನಿ," ಎಂದ ಜೋವಾನಸಿ. ಈ ಸಲ ಅವನ ದನಿಯಲ್ಲಿ ನಗುವಿರಲಿಲ್ಲ, ಕಳವಳವಿತ್ತು.

"ಪಾಪ, ಹುಡುಗಿ ಹೆದರಿರ್ತಾಳೆ. ಬೈಬೇಡ ಕಣೋ," ಎಂದು ಆಲಾಸಿ ಮುದುಕಿಯ ದನಿ ನಡುವೆ ತೂರಿತು.

ಒಲೀಪಿಕಾ ರೇಡಿಯೋ ಎತ್ತಿಕೊಂಡಳು. ಬಾಯಿಗೆ ಹಿಡಿದಳು. ಆಮೇಲೆ ಏನನ್ನಿಸಿತೋ, ಗುಂಡಿ ಒತ್ತದೆ ಅದನ್ನು ಕನಾಯುಕ್ ಕಡೆ ಚಾಚಿದಳು.

ಕನಾಯುಕ್ ಅದನ್ನು ಹಿಡಿದು ನಿಂತಳು. ಕೆಳಗಿನ ಡೇರೆಗಳಲ್ಲೆಲ್ಲ ಒಂದೊಂದು ರೇಡಿಯೋ, ಒಂದೊಂದರ ಸುತ್ತ ಚಹದ ಬಟ್ಟಲು ಹಿಡಿದ ನಾಲ್ಕಾರು ಕಿವಿ. ಮಾಮೂಲಿನಂತೆ ಅದನ್ನು ಅಜ್ಜಿಗೇ ಮರಳಿಸಲು ಹೋದಳು. ಆದರೆ ಬಾಯಲ್ಲಿ ಇನ್ನೂ ಸೀಲ್ ಚರ್ಮದ ಉಪ್ಪಿತ್ತು, ಕೈಬೆರಳು ಇನ್ನೂ ಉರಿಯುತ್ತಿದ್ದವು. ಅವಳು ಗುಂಡಿ ಒತ್ತಿದಳು.

"ಹಗ್ಗ ಬಿಚ್ಚಿಡು ಮೊಮ್ಮಗನೇ," ಎಂದಳು. "ನೆತ್ತಿ ಮೇಲಿದ್ದೀನಿ. ಮಗಳನ್ನ ಕರ್ಕೊಂಡು ಇಳೀತಾ ಇದ್ದೀನಿ. ಚಹಕ್ಕೆ ನೀರಿಡು."

ಚಾನೆಲ್ಲಿನಲ್ಲಿ ಯಾರೋ ಒಬ್ಬ ಮುದುಕ ನಿಧಾನವಾಗಿ ಹೇಳಿದ: "ಹಳೇ ಕನಾಯುಕ್ ಮಾತಾಡ್ತಿದ್ದದ್ದು ಹೀಗೇ."

ಕೊನೆಗೆ ಜೋವಾನಸಿ. "ಆಗಲಿ ತಾತ," ಎಂದ.

ಎಷ್ಟೋ ವರ್ಷಗಳಿಂದ ಅವನು ಆ ಮಾತನ್ನು ಆಡುತ್ತಿದ್ದ. ತಮಾಷೆಯಿಲ್ಲದೆ ಆಡಿದ್ದು ಅಂದೇ ಮೊದಲು.

ಅವರು ಇಳಿದು ಬಂದಾಗ ಡೇರೆಗಳಿಂದ ಜನ ಹೊರಗೆ ಬಂದು ನಿಂತಿದ್ದರು. ಗಂಡಸರು ಗಾಡಿಯ ಮುಚ್ಚಳ ಎತ್ತಿ ತಲೆ ಒಳಗೆ ಹಾಕಿದರು. ಜೋವಾನಸಿ ಬೆರಳಿಟ್ಟು ಚರ್ಮದ ತೋಳನ್ನು ಮುಟ್ಟಿದ, ಎಂಜಿನ್ ಏರಿಸಿದ, ಇಳಿಸಿದ, ಮತ್ತೆ ಮುಟ್ಟಿದ.

"ಯಾಕೆ ಸೀಳ್ತು ಇದು?" ಎಂದು ಕೇಳಿದ.

ಒಲೀಪಿಕಾ ಬಂಡಿಯ ಹಗ್ಗಗಳನ್ನು ಬಿಚ್ಚುವುದರಲ್ಲಿ ಬಹಳ ಮಗ್ನಳಾದಳು.

"ಚಳಿ," ಎಂದಳು ಕನಾಯುಕ್.

"ಸರಿಯಿರಿ, ಸರಿಯಿರಿ, ನಿಮಗೇನ್ ಗೊತ್ತು?" ಎನ್ನುತ್ತ ಆಲಾಸಿ ಮುದುಕಿ ಗಂಡಸರನ್ನು ಮೊಣಕೈಯಲ್ಲಿ ತಳ್ಳಿ ಮುಂದೆ ಬಂದಳು. ಅವಳ ಹಿಂದೆ ಇನ್ನೂ ಮೂವರು ಮುದುಕಿಯರು. ಎಂಜಿನ್ ಅವರ ಕಣ್ಣಿಗೇ ಬೀಳಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಕಮಿಕ್ ನೋಡುವ ಹಾಗೆ, ಒಬ್ಬೊಬ್ಬರಾಗಿ ಆ ಹೊಲಿಗೆಯನ್ನು ನೋಡಿದರು. ಉಗುರಿನಿಂದ ಕೆರೆದರು. ತಮ್ಮತಮ್ಮಲ್ಲಿ ಗುಸುಗುಸು ಮಾತಾಡಿಕೊಂಡರು.

"ಒಲೀಪಿಕಾ, ನಿನ್ನ ಕೈ ಇನ್ನೂ ಹಾಗೇ ಇದೆ ಕಣೆ," ಎಂದಳು ಆಲಾಸಿ.

"ನಂದಲ್ಲ. ನಮ್ಮಪ್ಪ ಹೊಲಿದಿದ್ದು."

ಆಲಾಸಿ ಕನಾಯುಕ್ ಕಡೆ ತಿರುಗಿದಳು. ಕನಾಯುಕ್ ಎಂದಿನಂತೆ ನೆಲ ನೋಡಲಿಲ್ಲ. ಮುದುಕಿ ಮತ್ತೊಮ್ಮೆ ಬಾಗಿ ಹೊಲಿಗೆ ನೋಡಿ, ಇನ್ನೇನೂ ಸಿಗದೆ, "ಕೊನೇಲಿ ಒಂದು ಹೊಲಿಗೆ ಸ್ವಲ್ಪ ಉದ್ದ ಆಯ್ತು," ಎಂದಳು. ಆಮೇಲೆ, "ಶರತ್ಕಾಲಕ್ಕೆ ನನ್ನ ಮೊಮ್ಮಗನಿಗೊಂದು ಜೊತೆ ಬೇಕು. ನಂಗೆ ಕಣ್ಣು ಕಾಣಲ್ಲ," ಎಂದಳು.

"ನೋಡೋಣ. ಗಾಡಿ ಕೆಲಸ ಇಲ್ದೇ ಇದ್ರೆ," ಎಂದಳು ಕನಾಯುಕ್. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆರಗಾದಳು.

ಸಂಜೆ ಜೋವಾನಸಿಗೆ ಅವನ ಹೊಸ ಕಮಿಕ್ ಕೊಟ್ಟರು. ಎಡಗಾಲಿನದು ಮಂಡಿಯವರೆಗೆ ಬಂತು, ಬಲಗಾಲಿನದು ಮೀನಖಂಡದಲ್ಲೇ ನಿಂತಿತು. ಅವನು ಎದ್ದು ನಿಂತು ಒಂದನ್ನೂ ಇನ್ನೊಂದನ್ನೂ ನೋಡಿಕೊಂಡ. ಡೇರೆಯಲ್ಲಿದ್ದವರೆಲ್ಲ ಚಹದ ಬಟ್ಟಲಿಗೆ ಮುಖ ಮರೆಸಿ ನಕ್ಕರು.

"ಉಳಿದದ್ದು ಎಲ್ಲಮ್ಮ?"

"ಗಾಡೀಲಿದೆ. ಗಾಡಿ ನಮ್ಮಪ್ಪನದಾಯ್ತಲ್ಲ, ಮಾತು ಅಂದ್ರೆ ಮಾತು," ಎಂದಳು ಒಲೀಪಿಕಾ. ಮಗನ ಹಳದಿ ಹಗ್ಗವನ್ನು ಡೇರೆಯ ಈ ಕಂಬದಿಂದ ಆ ಕಂಬಕ್ಕೆ ಬಿಗಿದು, ಅದರ ಮೇಲೆ ಅಪ್ಪನ ಒದ್ದೆ ಕೈಗವಸುಗಳನ್ನು ಒಂದೊಂದಾಗಿ ಒಣಹಾಕಿದಳು.